ಇಮ್ಮಾರ್ಟಾಲಿಟಿ ಐರಿಸ್: ಎಲೆ ತುಂಬಾ, ಹೂ ಮಾತ್ರ ಇಲ್ಲ

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ತೋಟದಿಂದ ಬಿಳಿ ಐರಿಸ್‌ನ ಮೂರು ಗೆಡ್ಡೆ ಕೊಟ್ಟರು. ಹೆಸರು ‘ಇಮ್ಮಾರ್ಟಾಲಿಟಿ’, ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಹೊತ್ತಿಗೆ ಇನ್ನೊಮ್ಮೆ ಹೂ ಬಿಡುತ್ತದೆ ಅಂದಿದ್ದರು. ಮೊದಲ ಮೇ ತಿಂಗಳಲ್ಲಿ ಎರಡು ದಂಟು ಬಂತು. ಆಮೇಲೆ ಹೂ ಕಡಿಮೆಯಾಗುತ್ತಾ ಹೋಯಿತು. ಈ ವರ್ಷ ಒಂದೂ ಇಲ್ಲ. ಗುಂಪು ದೊಡ್ಡದಾಗಿದೆ, ಆದರೆ ಎರಡು ಕಡೆ ಎಲೆ ಹಳದಿಯಾಗಿ ನೆಲಕ್ಕೆ ಬಿದ್ದಿದೆ, ಕೆಟ್ಟ ವಾಸನೆ ಬರುತ್ತಿದೆ. ಗೊಬ್ಬರ, ನೀರು ಯಾವುದಕ್ಕೂ ಕಡಿಮೆ ಮಾಡಿಲ್ಲ. ತೀರ್ಥಹಳ್ಳಿಯಿಂದ ಬಂದಿರುವ ಅಮ್ಮ “ಇದು ನಮ್ಮ ಬಜೆ ಥರಾನೇ ಇದೆ” ಅನ್ನುತ್ತಾರೆ. ಒಂದು ಗೆಡ್ಡೆ ಊರಿಗೆ ಒಯ್ಯುವ ಆಸೆ ಅವರಿಗೆ. ಏನು ಮಾಡಲಿ? ಫೋಟೊ ಕಳಿಸಿದ್ದೇನೆ.

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. “ಗೊಬ್ಬರ, ನೀರು ಯಾವುದಕ್ಕೂ ಕಡಿಮೆ ಮಾಡಿಲ್ಲ” ಅಂದಿದ್ದೀರಲ್ಲ, ಎಡವಟ್ಟಾಗಿರುವುದು ಅಲ್ಲೇ. ಫೋಟೊ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಗೆಡ್ಡೆ ಎಲ್ಲೂ ಕಾಣುತ್ತಿಲ್ಲ. ಅದರ ಮೇಲೆ ಎರಡು ಮೂರು ಇಂಚು ತೊಗಟೆ ಚೂರಿನ ಹೊದಿಕೆ. ಪಕ್ಕದಲ್ಲೇ ಹುಲ್ಲುಹಾಸಿನ ಸ್ಪ್ರಿಂಕ್ಲರ್. ಎಲೆ ಮಾತ್ರ ಭತ್ತದ ಸಸಿಮಡಿಯ ಹಾಗೆ ಕಡುಹಸಿರು. ನೀವು ಐರಿಸನ್ನು ಅರಿಸಿನದ ಹಾಗೆ ಸಾಕುತ್ತಿದ್ದೀರಿ.

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದನ್ನೇ ಮಾಡಿದ್ದೆ. ಮೇರಿಲ್ಯಾಂಡ್‌ಗೆ ಬಂದ ಹೊಸದರಲ್ಲಿ ಒಂದಿಷ್ಟು ಐರಿಸ್ ಗೆಡ್ಡೆ ತರಿಸಿದೆ. ನೋಡಲು ಶುಂಠಿಯ ಹಾಗಿತ್ತು. ಅಜ್ಜಿ ಶುಂಠಿ ಹಾಕುತ್ತಿದ್ದದ್ದು ನೆನಪಿತ್ತು. ನಾಲ್ಕು ಇಂಚು ಆಳಕ್ಕೆ ಹೂತು, ಮೇಲೆ ಒಣ ಎಲೆ ಹೊದಿಸಿ, ದಿನಾ ಸಂಜೆ ನೀರು ಹಾಕಿದೆ. ಮುಂದಿನ ಜೂನ್‌ನಲ್ಲಿ ಒಂದು ಎಲೆ ಹಿಡಿದು ಮೆಲ್ಲಗೆ ಎಳೆದರೆ ಇಡೀ ಗಿಡವೇ ಕೈಗೆ ಬಂತು. ಬುಡದಲ್ಲಿ ಲೋಳೆ. ಗೆಡ್ಡೆಯ ಸಿಪ್ಪೆ ಸರಿಯಾಗಿಯೇ ಇತ್ತು, ಒಳಗೆ ಮಾತ್ರ ಅತಿಯಾಗಿ ಬೆಂದ ಗೆಣಸಿನಂತೆ ಕರಗಿತ್ತು. ಚೀಲದ ತಳದಲ್ಲಿ ಮರೆತ ಆಲೂಗಡ್ಡೆ ಕೊಳೆತಾಗ ಬರುತ್ತದಲ್ಲ, ಅದೇ ವಾಸನೆ. ಮೂರು ಸಲ ಸೋಪು ಹಾಕಿ ತೊಳೆದರೂ ಕೈ ಬಿಡಲಿಲ್ಲ.

ಶುಂಠಿ, ಅರಿಸಿನ ಮಳೆನಾಡಿನ ಗಿಡಗಳು. ಮಣ್ಣೊಳಗೆ, ಅರೆನೆರಳಲ್ಲಿ, ತೇವದಲ್ಲಿ ಸುಖವಾಗಿರುತ್ತವೆ. ನಿಮ್ಮದು ಗಡ್ಡದ ಐರಿಸ್. ಅದರ ಮೂಲ ಜಾತಿಗಳು ಮೆಡಿಟರೇನಿಯನ್ ಸುತ್ತಿನ, ಟರ್ಕಿ ಕಡೆಯ ಕಲ್ಲುಗುಡ್ಡಗಳವು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಗೆಡ್ಡೆ ಕಲ್ಲುಸಂದಿಯಲ್ಲಿ ಅರ್ಧ ಮೇಲೆದ್ದು ಬಿಸಿಲು ಕಾಯಿಸಿಕೊಂಡು ಬಿದ್ದಿರುತ್ತದೆ, ಬೇರು ಮಾತ್ರ ಕೆಳಕ್ಕೆ ಇಳಿದಿರುತ್ತದೆ. ಬರಗಾಲಕ್ಕೆಂದು ಕೂಡಿಟ್ಟ ಕಣಜ ಆ ಗೆಡ್ಡೆ. ಕಣಜಕ್ಕೆ ನೀರು ನುಗ್ಗಿದರೆ ಏನಾಗುತ್ತದೆ ಅಂತ ನಿಮ್ಮ ಅಮ್ಮನಿಗೆ ಹೇಳಿಕೊಡಬೇಕಿಲ್ಲ.

ಗಡ್ಡ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಈ ಹೂವಿಗೆ ಆರು ಎಸಳು. ಮೂರು ಮೇಲಕ್ಕೆ ಗೋಪುರದಂತೆ ಕೂಡಿಕೊಳ್ಳುತ್ತವೆ, ಮೂರು ಕೆಳಕ್ಕೆ ಇಳಿಬೀಳುತ್ತವೆ. ಇಳಿಬಿದ್ದ ಎಸಳಿನ ಬುಡದಿಂದ ನಡುವಿನ ತನಕ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಕೂದಲಿನ ಒಂದು ಸಾಲು. ಅದೇ ಗಡ್ಡ. ದುಂಬಿಗೆ ಒಳದಾರಿ ತೋರಿಸುವ ಕೆಲಸ ಅದರದ್ದು. ಇಮ್ಮಾರ್ಟಾಲಿಟಿಯಲ್ಲಿ ಎಸಳೆಲ್ಲ ಬಿಳಿ. ಅರಳಿದ ಮೊದಲ ದಿನ ಬೆಳಗ್ಗೆ ನೋಡಿದರೆ ಬಿಳಿಯೊಳಗೆ ನೀಲಿಯ ಒಂದು ಸುಳಿವು ಇರುತ್ತದೆ, ಬಿಳಿ ಬಟ್ಟೆಗೆ ನೀಲಿ ಹಾಕಿ ಜಾಲಿಸಿದ ಹಾಗೆ. ಬಿಸಿಲೇರಿದ ಮೇಲೆ ಅದು ಹೋಗುತ್ತದೆ. ಸಿಹಿಯಾದ ವಾಸನೆಯೂ ಉಂಟು.

ಈ ತಳಿ ಮಾಡಿದವರು ಲಾಯ್ಡ್ ಜರ್ಬ್ರಿಗ್. ಕೆನಡಾ ಮೂಲದವರು, ವರ್ಜೀನಿಯಾದ ರಾಡ್‌ಫರ್ಡ್‌ನಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ವರ್ಷಕ್ಕೆರಡು ಸಲ ಹೂ ಬಿಡುವ ಐರಿಸ್‌ಗಳ ಹುಚ್ಚಿತ್ತು ಅವರಿಗೆ. ಇಮ್ಮಾರ್ಟಾಲಿಟಿಯನ್ನು 1982ರಲ್ಲಿ ನೋಂದಾಯಿಸಿದರು. ಎತ್ತರ ಸುಮಾರು 30 ಇಂಚು. ಗಡ್ಡದ ಐರಿಸ್‌ಗಳಲ್ಲಿ 27.5 ಇಂಚು, ಅಂದರೆ 70 ಸೆಂಟಿಮೀಟರ್ ದಾಟಿದರೆ ‘ಎತ್ತರದ’ ಗುಂಪಿಗೆ ಸೇರಿಸುತ್ತಾರೆ. ಹಾಗಾಗಿ ನಿಮ್ಮದು ಎತ್ತರದವರ ಸಾಲಿನಲ್ಲಿ ಕುಳ್ಳ. ನನ್ನನ್ನು ಕೇಳಿದರೆ ಇದು ಒಳ್ಳೆಯದೇ. 40 ಇಂಚಿನ ತಳಿಗಳು ಮೇ ತಿಂಗಳ ಒಂದು ಗುಡುಗು ಮಳೆಗೆ ಅಡ್ಡಬೀಳುತ್ತವೆ, ಕೋಲು ಕಟ್ಟಬೇಕು. ಇದಕ್ಕೆ ಸಾಮಾನ್ಯವಾಗಿ ಆ ತೊಂದರೆ ಇಲ್ಲ. ಹೊಸ ತಳಿಗಳಲ್ಲಿ ಇದಕ್ಕಿಂತ ಅಗಲವಾದ, ಜಾಸ್ತಿ ನಿರಿಗೆಯ ಹೂಗಳಿವೆ, ನಿಜ. ಆದರೆ ಚಳಿ ಸೀಮೆಯಲ್ಲಿ ನಂಬಿಕೆಯಿಂದ ಎರಡನೇ ಸಲ ಅರಳುವ ಬಿಳಿ ಐರಿಸ್ ಅಂದರೆ ಇವತ್ತಿಗೂ ಜನ ಮೊದಲು ಹೇಳುವುದು ಈ ಹೆಸರನ್ನೇ.

ನಿಮ್ಮ ನೆರೆಯವರು ಕೊಟ್ಟ ಮೂರು ಗೆಡ್ಡೆ ಜರ್ಬ್ರಿಗ್ ಒಂದೇ ಬೀಜದಿಂದ ಬೆಳೆಸಿದ ಗಿಡದ ತುಂಡುಗಳು. ತುಂಡಿನಿಂದ ತುಂಡು, ಕೈಯಿಂದ ಕೈಗೆ ಇಷ್ಟು ದೂರ ಬಂದಿದೆ. ಹಾಗಾಗಿ ಜಾತಿ ಕೆಟ್ಟಿರಬಹುದಾ ಅನ್ನುವ ಚಿಂತೆ ಬೇಡ. ನೆರೆಯವರ ಮೂಲ ಗುಂಪು ಹೂ ಬಿಡುತ್ತಿದ್ದರೆ ನಿಮ್ಮದೂ ಬಿಡಲೇಬೇಕು.

ಇನ್ನು ಹೂ ಯಾಕೆ ನಿಂತಿತು ಅನ್ನುವುದು. ಬಾಳೆ ಗೊತ್ತಲ್ಲ? ಒಂದು ಬಾಳೆ ಒಂದೇ ಗೊನೆ. ಗೊನೆ ಕಡಿದ ಮೇಲೆ ಆ ದಿಂಡಿಗೆ ಕೆಲಸ ಮುಗಿಯಿತು, ಪಕ್ಕದ ಕಂದು ಮುಂದಿನ ಗೊನೆ ಕೊಡುತ್ತದೆ. ಐರಿಸ್ ಕೂಡ ಥೇಟ್ ಹಾಗೆಯೇ. ಒಂದು ಗೆಡ್ಡೆ ಜನ್ಮದಲ್ಲಿ ಒಂದೇ ಸಲ ಹೂದಂಟು ಬಿಡುತ್ತದೆ. ಆಮೇಲೆ ಅದರ ಎರಡೂ ಪಕ್ಕದಲ್ಲಿ ಮರಿಗೆಡ್ಡೆ ಮೂಡುತ್ತವೆ. ಅಮರತ್ವ ಅಂತ ಹೆಸರಿಟ್ಟುಕೊಂಡಿದ್ದಕ್ಕೂ ಇದರಿಂದ ವಿನಾಯಿತಿ ಇಲ್ಲ. ನೀವು ನೆಟ್ಟ ಮೂರರಲ್ಲಿ ಎರಡು ಬಲಿತಿದ್ದವು, ಮೊದಲ ವರ್ಷವೇ ಹೂ ಬಿಟ್ಟು ಮುಗಿಸಿದವು. ಅವು ಹಾಕಿದ ಮರಿಗಳಿಗೆ ಬಿಸಿಲು ತಾಗಲಿಲ್ಲ, ತೇವ ಆರಲಿಲ್ಲ, ಮೇಲಿಂದ ಹುಲ್ಲಿನ ಗೊಬ್ಬರ ಸುರಿಯಿತು. ಅವು ಮೈ ಕೂಡಿಸಿಕೊಳ್ಳುವ ಬದಲು ಸುಮ್ನೆ ಎಲೆ ಬಿಟ್ಟುಕೊಂಡು ಕೂತಿವೆ.

ಹುಲ್ಲಿನ ಗೊಬ್ಬರದ ಚೀಲ ಒಮ್ಮೆ ತಿರುಗಿಸಿ ನೋಡಿ. ಮೂರು ಸಂಖ್ಯೆ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್. ನ್ಯೂಜೆರ್ಸಿಯಲ್ಲಿ 2011ರಲ್ಲಿ ಕಾನೂನು ಬಂದ ಮೇಲೆ ಹುಲ್ಲುಹಾಸಿನ ಗೊಬ್ಬರಕ್ಕೆ ರಂಜಕ ಸೇರಿಸುವುದು ಹೆಚ್ಚುಕಡಿಮೆ ನಿಂತಿದೆ. ಅದಕ್ಕೇ ನಡುವಿನ ಸಂಖ್ಯೆ ಸಾಮಾನ್ಯವಾಗಿ ಸೊನ್ನೆ. ಮೊದಲನೆಯದು ಮಾತ್ರ ಇಪ್ಪತ್ತು, ಮೂವತ್ತು. ಅಂದರೆ ಬರೀ ಸಾರಜನಕ. ಹುಲ್ಲಿಗೆ ಅದು ಹಬ್ಬದೂಟ. ಐರಿಸ್‌ಗೆ ಕೊಟ್ಟರೆ ಎಲೆ ಉಬ್ಬುತ್ತದೆ, ಗೆಡ್ಡೆ ಮೆತ್ತಗಾಗುತ್ತದೆ, ಮೆತ್ತಗಾದ ಗೆಡ್ಡೆಗೆ ಕೊಳೆ ಸುಲಭವಾಗಿ ಹತ್ತುತ್ತದೆ. ನೀವು ಬೇಕೆಂದು ಹಾಕದಿದ್ದರೂ ಹುಲ್ಲಿಗೆ ಎರಚುವ ಯಂತ್ರ ಅಂಚಿನ ಪಾತಿಗೂ ಎರಚುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ನಿಮ್ಮ ಪತ್ರ ಸರಿಯಾದ ಹೊತ್ತಿಗೆ ಬಂದಿದೆ. ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಐರಿಸ್ ಗುಂಪು ಒಡೆಯಲು ನಿಮ್ಮ ಕಡೆ ಹದವಾದ ಕಾಲ. ಬಲವಾದ ಹಿಮ ಬೀಳುವ ಮೊದಲು ಬೇರು ಹಿಡಿಯಲು ಆರು ವಾರವಾದರೂ ಬೇಕು. ಒಳ್ಳೆಯ ಗುಂಪನ್ನೂ ಮೂರು ನಾಲ್ಕು ವರ್ಷಕ್ಕೊಮ್ಮೆ ಒಡೆಯಲೇಬೇಕು, ಇಲ್ಲದಿದ್ದರೆ ನಡುವೆಲ್ಲ ಹಳೇ ಗೆಡ್ಡೆಯ ರಾಶಿಯಾಗಿ ಮರಿಗಳಿಗೆ ಜಾಗವೇ ಇರುವುದಿಲ್ಲ. ನಿಮಗೆ ನಾಲ್ಕು ವರ್ಷ ಆಗಿದೆ, ಹೇಗೂ ಮಾಡಬೇಕಿತ್ತು.

ಮಳೆ ಇಲ್ಲದ ಎರಡು ದಿನ ನೋಡಿಕೊಳ್ಳಿ. ಕೈಗವಸು ಹಾಕಿಕೊಳ್ಳಿ, ಇದರ ರಸಕ್ಕೆ ಕೆಲವರ ಚರ್ಮ ಕೆರೆಯುತ್ತದೆ. ಹಲ್ಲುಗುದ್ದಲಿಯಿಂದ ಗುಂಪಿನ ಸುತ್ತ ಅಗೆದು ಇಡಿಯಾಗಿ ಮೇಲೆತ್ತಿ, ಪೈಪಿನಿಂದ ಮಣ್ಣು ತೊಳೆಯಿರಿ. ಆಗ ಮನೆತನದ ಇತಿಹಾಸವೇ ಕಾಣುತ್ತದೆ. ನಡುವೆ ಎಲೆಯಿಲ್ಲದ, ಸುಕ್ಕುಗಟ್ಟಿದ ಕಂದು ಗೆಡ್ಡೆಗಳು. ಅವು ಹೂ ಬಿಟ್ಟು ಮುಗಿಸಿದವು, ಎಸೆಯಿರಿ. ಅಂಚಿನಲ್ಲಿ ಬೀಸಣಿಗೆಯಂತೆ ಎಲೆ ಹರಡಿಕೊಂಡ ಹೊಸ ಗೆಡ್ಡೆಗಳು. ಉಳಿಸಿಕೊಳ್ಳಬೇಕಾದ್ದು ಇವನ್ನು. ಹೆಬ್ಬೆರಳಿನಿಂದ ಒತ್ತಿ ನೋಡಿ. ಹೊಸ ಶುಂಠಿಯ ಹಾಗೆ ಗಟ್ಟಿಯಿದ್ದರೆ ಆರೋಗ್ಯ ಸರಿಯಿದೆ. ಒಂದು ಬೀಸಣಿಗೆ, ಒಂದು ಹೆಬ್ಬೆರಳು ಗಾತ್ರದ ಗೆಡ್ಡೆ, ಕೆಳಗೆ ಒಂದಿಷ್ಟು ಬೇರು ಇದ್ದರೆ ಒಂದು ಗಿಡ ಅಂತ ಲೆಕ್ಕ. ಕೈಯಿಂದ ಮುರಿದರೆ ಮುರಿಯುತ್ತದೆ, ಇಲ್ಲದಿದ್ದರೆ ಚಾಕು. ಒಂದೊಂದು ಕೊಯ್ತಕ್ಕೂ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಎಲೆಯನ್ನು ಆರೆಂಟು ಇಂಚಿಗೆ ಕತ್ತರಿಸಿ. ಬೇರು ಅರ್ಧ ಹೋಗಿರುವಾಗ ಅಷ್ಟುದ್ದದ ಎಲೆಗೆ ನೀರು ಪೂರೈಸುವುದು ಗೆಡ್ಡೆಗೆ ಕಷ್ಟ. (ಗುಂಪು ಒಡೆಯದ ವರ್ಷ ಹೀಗೆ ಹಸಿರು ಎಲೆ ಕತ್ತರಿಸಬೇಡಿ. ಎಷ್ಟೋ ಜನ ಅಂದಕ್ಕೆ ಅಂತ ಕತ್ತರಿಸುತ್ತಾರೆ, ಗಿಡದ ಊಟ ಕಿತ್ತುಕೊಂಡ ಹಾಗೆ ಅದು.)

ಈಗ ವಾಸನೆ ಬರುವ ಭಾಗಕ್ಕೆ ಬರೋಣ. ನಿಮ್ಮ ಅಮ್ಮ ಅಡಿಕೆಯ ಕೊಳೆರೋಗ ನೋಡಿದವರು, ಔಷಧಿ ಹೊಡೆಯೋಣ ಅನ್ನಬಹುದು. ಅದು ಬೇರೆ, ಇದು ಬೇರೆ. ಇದು ಬ್ಯಾಕ್ಟೀರಿಯಾದಿಂದ ಬರುವ ಮೆದುಕೊಳೆ, ಶಿಲೀಂಧ್ರದ ಔಷಧಿ ಇದಕ್ಕೆ ನಾಟುವುದಿಲ್ಲ. ಇದಕ್ಕೆ ಮದ್ದು ಒಂದು ಹಳೇ ಸ್ಟೀಲ್ ಚಮಚ ಮತ್ತು ಬಿಸಿಲು. ಗೆಡ್ಡೆಯ ಕೊಳೆತ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ. ಬಿಳಿಯ, ಗಟ್ಟಿಯಾದ ತಿರುಳು ಸಿಗುವ ತನಕ ಬಿಡಬೇಡಿ. ಅರ್ಧ ಗೆಡ್ಡೆ ಹೋದರೂ ಚಿಂತೆಯಿಲ್ಲ, ಎಲೆಯ ಬುಡ ಗಟ್ಟಿಯಿದ್ದರೆ ಅದು ಬದುಕುತ್ತದೆ. ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಗೆಡ್ಡೆಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ, ತೊಳೆದು, ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗೆ ಹರಡಿ. ಗಾಯ ಒಣಗಿ ಬೆಂಡಿನಂತಾದ ಮೇಲೆ ನೆಡಬಹುದು. ಈ ಗೆಡ್ಡೆ ಒಂದೆರಡು ವಾರ ಮಣ್ಣಿಲ್ಲದೆ ಗ್ಯಾರೇಜಿನ ನೆರಳಲ್ಲಿ ಬಿದ್ದಿದ್ದರೂ ಸಾಯುವುದಿಲ್ಲ. ಹಾಗಾಗಿ ಅವಸರ ಬೇಡ. ಪೂರ್ತಿ ಕರಗಿ ಹೋದದ್ದನ್ನು ಕಾಂಪೋಸ್ಟ್‌ಗೆ ಹಾಕಬೇಡಿ, ಕಸಕ್ಕೆ ಹಾಕಿ.

ಕೆರೆಯುವಾಗ ಇನ್ನೊಂದು ವಿಷಯ ಗಮನಿಸಿ. ಗೆಡ್ಡೆಯೊಳಗೆ ಪೆನ್ಸಿಲ್ ಗಾತ್ರದ ಸುರಂಗ ಇದೆಯಾ? ಒಳಗೆ ಒಂದೂವರೆ ಇಂಚಿನ, ಕೂದಲಿಲ್ಲದ, ಮಾಸಲು ಗುಲಾಬಿ ಬಣ್ಣದ ಹುಳು ಸಿಕ್ಕಿತಾ? ಹಾಗಿದ್ದರೆ ಕೊಳೆ ಎರಡನೇ ಕಳ್ಳ, ಮೊದಲನೆಯವನು ಐರಿಸ್ ಬೋರರ್. ಅಮೆರಿಕದ ಪೂರ್ವ ಭಾಗದಲ್ಲಿ ಐರಿಸ್‌ಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಇದೊಂದು ಪತಂಗದ ಮರಿ, ವರ್ಷಕ್ಕೆ ಒಂದೇ ಪೀಳಿಗೆ. ಪತಂಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಐರಿಸ್‌ನ ಒಣ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆ ಚಳಿಗಾಲ ಪೂರ್ತಿ ಅಲ್ಲೇ ಇರುತ್ತದೆ. ಏಪ್ರಿಲ್ ಹೊತ್ತಿಗೆ ಮರಿ ಒಡೆದು ಹೊಸ ಎಲೆಗೆ ಹತ್ತುತ್ತದೆ, ಸೂಜಿ ಚುಚ್ಚಿದಷ್ಟು ಚಿಕ್ಕ ತೂತು ಮಾಡಿ ಒಳಗೆ ಹೋಗುತ್ತದೆ, ಎಲೆಯ ಎರಡು ಪದರದ ನಡುವೆ ತಿನ್ನುತ್ತಾ ಇಳಿದು ಬೇಸಿಗೆಯಲ್ಲಿ ಗೆಡ್ಡೆಗೆ ತಲುಪುತ್ತದೆ. ಅದು ಕೊರೆದ ದಾರಿಯಲ್ಲೇ ಕೊಳೆಯೂ ಒಳಬರುತ್ತದೆ.

ಇದಕ್ಕೆ ಮದ್ದು ಅದರ ಪಂಚಾಂಗದಲ್ಲೇ ಇದೆ. ಮೊಟ್ಟೆ ಒಣ ಎಲೆಯ ಮೇಲೆ ಇರುವುದರಿಂದ, ನವೆಂಬರ್‌ನಿಂದ ಮಾರ್ಚ್ ಒಳಗೆ ಯಾವಾಗಲಾದರೂ ಒಣಗಿದ ಎಲ್ಲ ಎಲೆಯನ್ನೂ ಕಿತ್ತು ಚೀಲಕ್ಕೆ ತುಂಬಿ ಹೊರಗೆ ಹಾಕಿ. ಅರ್ಧಕ್ಕಿಂತ ಜಾಸ್ತಿ ಯುದ್ಧ ಅಲ್ಲೇ ಗೆದ್ದಂತೆ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಕಾಫಿ ಲೋಟ ಹಿಡಿದು ಪಾತಿ ಸುತ್ತಿ. ಎಲೆಯ ಮೇಲೆ ನೀರು ಹೀರಿದಂಥ ಗೆರೆ ಅಥವಾ ಕಚ್ಚಿದ ಅಂಚು ಕಂಡರೆ, ಬೆಳಕಿಗೆ ಎದುರಾಗಿ ಹಿಡಿದು ನೋಡಿ, ಗೆರೆಯ ಕೆಳ ತುದಿಯಲ್ಲಿ ಎಲೆಯನ್ನು ಎರಡು ಬೆರಳಿನಿಂದ ಹಿಸುಕಿ. ಚಿಟಕ್ ಅಂತ ಸಣ್ಣ ಸದ್ದಾಗುತ್ತದೆ. ಹೇಸಿಗೆ ಕೆಲಸ, ಒಪ್ಪುತ್ತೇನೆ. ನನ್ನ ಪಾತಿಯಲ್ಲಿ ನಾನು ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ನೆಡುವ ಜಾಗ ಬದಲಿಸಿ. ನಿಮ್ಮ ಫೋಟೊದಲ್ಲಿ ಪಾತಿಯ ಪಕ್ಕ ಮೇಪಲ್ ಮರ ಇದೆ. ನಾಲ್ಕು ವರ್ಷದಲ್ಲಿ ಅದೂ ಬೆಳೆದು ನೆರಳು ಹೆಚ್ಚಾಗಿರುತ್ತದೆ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು, ಎಂಟಾದರೆ ಇನ್ನೂ ಒಳ್ಳೆಯದು. ಮನೆಯ ದಕ್ಷಿಣ ಗೋಡೆಯ ಕಡೆ ಅಥವಾ ಡ್ರೈವ್‌ವೇ ಅಂಚು ಸಿಕ್ಕರೆ ಕಣ್ಣುಮುಚ್ಚಿ ಅಲ್ಲಿಗೆ ಹಾಕಿ. ಜೇಡಿಮಣ್ಣಾಗಿದ್ದರೆ ಪಾತಿಯನ್ನು ಆರು ಇಂಚು ಎತ್ತರಿಸಿ, ನೀರು ನಿಲ್ಲಬಾರದು ಅಷ್ಟೇ.

ನೆಡುವ ರೀತಿ ಹೀಗೆ. ಅಂಗೈ ಅಗಲದ, ನಾಲ್ಕೈದು ಇಂಚು ಆಳದ ಗುಂಡಿ ತೆಗೆಯಿರಿ. ಗುಂಡಿಯ ನಡುವೆ ಮಣ್ಣಿನ ಒಂದು ಬದು ಬಿಡಿ. ಎಮ್ಮೆಯ ಬೆನ್ನ ಮೇಲೆ ಹುಡುಗ ಎರಡೂ ಕಡೆ ಕಾಲು ಇಳಿಬಿಟ್ಟು ಕೂರುತ್ತಾನಲ್ಲ, ಹಾಗೆ ಗೆಡ್ಡೆಯನ್ನು ಬದುವಿನ ಮೇಲೆ ಕೂರಿಸಿ ಬೇರನ್ನು ಎರಡೂ ಪಕ್ಕ ಇಳಿಬಿಡಿ. ಬೇರಿನ ಮೇಲೆ ಮಣ್ಣು ತುಂಬಿ ಗಟ್ಟಿಯಾಗಿ ಒತ್ತಿ. ಗೆಡ್ಡೆಯ ಬೆನ್ನು ಹೊರಗೇ ಇರಲಿ. ನೆಟ್ಟು ಎದ್ದು ನಿಂತು ನೋಡಿದಾಗ “ಅಯ್ಯೋ, ಸರಿಯಾಗಿ ಮುಚ್ಚಲೇ ಇಲ್ಲವಲ್ಲ” ಅನ್ನಿಸಬೇಕು. ಹಾಗೆ ಅನ್ನಿಸಿದರೆ ಸರಿಯಾಗಿ ನೆಟ್ಟಿದ್ದೀರಿ. ಒಂದು ಗಿಡಕ್ಕೂ ಇನ್ನೊಂದಕ್ಕೂ ಒಂದೂವರೆ ಅಡಿ ಬಿಡಿ. ಎಲೆಯಿಲ್ಲದ ತುದಿ ದಕ್ಷಿಣಕ್ಕಿದ್ದರೆ ಎಲೆಯ ನೆರಳು ಗೆಡ್ಡೆಯ ಮೇಲೆ ಬೀಳುವುದಿಲ್ಲ. ಗೆಡ್ಡೆ ಬೆಳೆಯುವುದು ಬೀಸಣಿಗೆಯ ದಿಕ್ಕಿಗೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ಗೋಡೆಗೆ ಮುಖ ಮಾಡಿ ನೆಟ್ಟರೆ ಎರಡು ವರ್ಷಕ್ಕೆ ಗೋಡೆಗೆ ಗುದ್ದುತ್ತದೆ. ಮಲ್ಚ್, ಅಂದರೆ ತೊಗಟೆ ಚೂರಿನಂಥ ಹೊದಿಕೆ, ಬೇಡ. ಚೆಂದಕ್ಕೆ ಬೇಕೇಬೇಕು ಅಂದರೆ ಗೆಡ್ಡೆಯಿಂದ ಅರ್ಧ ಅಡಿ ಆಚೆ ಹಾಕಿಕೊಳ್ಳಿ.

ನೆಟ್ಟ ದಿನ ಚೆನ್ನಾಗಿ ನೀರು ಕೊಡಿ. ಆಮೇಲೆ ಮೂರು ನಾಲ್ಕು ವಾರ, ಮಳೆ ಬಾರದಿದ್ದರೆ, ವಾರಕ್ಕೊಮ್ಮೆ. ಹೊಸ ಎಲೆ ನಡುವಿನಿಂದ ಏಳುವುದು ಕಂಡರೆ ಬೇರು ಹಿಡಿದಿದೆ ಎಂದರ್ಥ. ಸ್ಪ್ರಿಂಕ್ಲರ್‌ನ ಮೂತಿ ಆ ಕಡೆ ತಿರುಗದ ಹಾಗೆ ಇವತ್ತೇ ಸರಿ ಮಾಡಿ.

ಈಗ ಒಂದು ಗೊಂದಲ ಬಿಡಿಸಬೇಕು. ಹೂ ಮುಗಿದ ಮೇಲೆ ಬೇಸಿಗೆಯಲ್ಲಿ ಐರಿಸ್‌ಗೆ ನೀರೇ ಬೇಡ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ವರ್ಷಕ್ಕೊಂದೇ ಸಲ ಹೂ ಬಿಡುವ ತಳಿಗಳಿಗೆ ಆ ಮಾತು ಸರಿ. ಅವು ಬೇಸಿಗೆಯಲ್ಲಿ ಮಲಗುತ್ತವೆ, ಮುಂದಿನ ಮೊಗ್ಗಿಗೆ ಚಳಿಗಾಲ ದಾಟಲೇಬೇಕು. ಇಮ್ಮಾರ್ಟಾಲಿಟಿ ಇಲ್ಲಿಯವರು ರೀಬ್ಲೂಮರ್ ಅನ್ನುವ ಗುಂಪಿನದು. ಮೇ ಹೂ ಮುಗಿಯುತ್ತಿದ್ದಂತೆ ಇದರ ಮರಿಗಳು ಮಲಗದೆ ಬೆಳೆಯುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಬಲಿತ ಮರಿ ಚಳಿಗೆ ಕಾಯದೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ದಂಟು ಎತ್ತುತ್ತದೆ. ಹೀಗೆ ದುಡಿಯುವ ಗಿಡಕ್ಕೆ ಕೂಲಿ ಕೊಡಬೇಕಲ್ವಾ? ಬೇರೂರಿದ ಗುಂಪಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಯಿಲ್ಲದ ವಾರದಲ್ಲಿ ಒಮ್ಮೆ ಆಳವಾಗಿ ನೀರು ಕೊಡಿ, ಆಮೇಲೆ ಮೇಲ್ಮಣ್ಣು ಪೂರ್ತಿ ಒಣಗಲು ಬಿಡಿ. ದಿನಾ ಚಿಮುಕಿಸುವುದಕ್ಕೂ ವಾರಕ್ಕೊಮ್ಮೆ ನೆನೆಸುವುದಕ್ಕೂ ಇರುವ ವ್ಯತ್ಯಾಸದಲ್ಲೇ ಈ ಗಿಡದ ಅಳಿವು ಉಳಿವು ಇರುವುದು. ಚಿಮುಕಿಸಿದ್ದು ಗೆಡ್ಡೆಯ ಬೆನ್ನನ್ನು ಒದ್ದೆಯಾಗಿಡುತ್ತದೆ. ನೆನೆಸಿದ್ದು ಬೇರಿಗೆ ಹೋಗುತ್ತದೆ.

ಗೊಬ್ಬರವೂ ಹಾಗೆಯೇ. ಸಾರಜನಕ ಕಡಿಮೆಯಿರುವ 5-10-10 ಥರದ್ದು, ಒಂದು ಹಿಡಿ ಅಷ್ಟೇ. ಏಪ್ರಿಲ್‌ನಲ್ಲಿ ಒಮ್ಮೆ, ಮೇ ಹೂ ಮುಗಿದು ತಿಂಗಳಾದ ಮೇಲೆ ಒಮ್ಮೆ. ಗೆಡ್ಡೆಯ ಮೇಲೆ ಸುರಿಯದೆ ಸುತ್ತ ಉಂಗುರದ ಹಾಗೆ ಹಾಕಿ. ಹಸಿ ಸಗಣಿ ಗೊಬ್ಬರ ಮಾತ್ರ ಬೇಡವೇ ಬೇಡ. ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯ ನಿಮ್ಮ ಊರಿಗೆ ಹತ್ತಿರವೇ ಇದೆ. ಒಮ್ಮೆ ಮಣ್ಣು ಕಳಿಸಿ ಪರೀಕ್ಷೆ ಮಾಡಿಸಿದರೆ ಊಹೆಯ ಮೇಲೆ ಚೀಲ ಚೀಲ ಸುರಿಯುವುದು ತಪ್ಪುತ್ತದೆ.

ಹೂ ಯಾವಾಗ ಬರುತ್ತದೆ ಅಂತ ಕೇಳುತ್ತೀರಿ, ಗೊತ್ತು. ಈ ಶರತ್ಕಾಲಕ್ಕೆ ಇಲ್ಲ. ದಪ್ಪ ಗೆಡ್ಡೆಗಳಲ್ಲಿ ಒಂದೆರಡು ಬರುವ ಮೇ ತಿಂಗಳಲ್ಲಿ ಅರಳಬಹುದು. ಸರಿಯಾದ ಹೂ ಅದರ ಮುಂದಿನ ಮೇ ತಿಂಗಳಿಗೆ. ಎರಡನೇ ಸಲದ ಹೂವೂ ಗುಂಪು ನೆಲೆಯಾದ ಮೇಲೆಯೇ. ಮೇ ಹೂ ಬಾಡಿದ ಕೂಡಲೇ ದಂಟನ್ನು ಬುಡದವರೆಗೆ ಕತ್ತರಿಸಿಬಿಡಿ, ಬೀಜ ಕಟ್ಟಲು ಬಿಟ್ಟರೆ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ. ಶರತ್ಕಾಲದಲ್ಲಿ ದಂಟುಗಳು ಕಡಿಮೆ, ಆದರೆ ತಂಪಿನಲ್ಲಿ ಒಂದೊಂದು ಹೂವೂ ಹೆಚ್ಚು ದಿನ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಬಹಳ ವರ್ಷ ಅದು ನವರಾತ್ರಿಗೆ ಸರಿಯಾಗಿ ಬರುತ್ತದೆ. ಸರಸ್ವತಿ ಪೂಜೆಯ ದಿನ ಪುಸ್ತಕಗಳ ಪಕ್ಕದ ಹೂದಾನಿಯಲ್ಲಿ ಇದೇ ಬಿಳಿ ಹೂ. ಅಕ್ಟೋಬರ್‌ನಲ್ಲಿ ರಾತ್ರಿ ಹಿಮ ಬೀಳುವ ಸೂಚನೆ ಬಂದರೆ, ಬಣ್ಣ ಕಾಣುತ್ತಿರುವ ಮೊಗ್ಗಿನ ದಂಟನ್ನು ಸಂಜೆಯೇ ಕತ್ತರಿಸಿ ಒಳಗೆ ನೀರಿನಲ್ಲಿಡಿ. ಹೊರಗೆ ಬಿಟ್ಟರೆ ಬೆಳಗ್ಗೆ ಒದ್ದೆ ಕಾಗದದಂತಾಗಿರುತ್ತದೆ. ಒಳಗಿಟ್ಟದ್ದು ಅರಳುತ್ತದೆ.

ಇನ್ನು ನಿಮ್ಮ ಅಮ್ಮನ ಮಾತು. ಬಜೆ ಥರ ಇದೆ ಅಂದದ್ದು ತಪ್ಪೇನಲ್ಲ. ಯೂರೋಪಿನ ಹಳದಿ ನೀರು ಐರಿಸ್‌ಗೆ ಸಸ್ಯಶಾಸ್ತ್ರದ ಹೆಸರೇ ‘ಸೂಡಾಕೋರಸ್’, ಅಂದರೆ ‘ಸುಳ್ಳು ಬಜೆ’. ಎರಡರ ಎಲೆಯೂ ಕತ್ತಿಯಂತೆ, ಗೆಡ್ಡೆಯೂ ಅಡ್ಡಡ್ಡ ಬೆಳೆಯುವಂಥದ್ದು. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಎಲೆ ಹರಿದು ಮೂಸಿ ನೋಡಿ. ಬಜೆ ಘಮ್ಮೆನ್ನುತ್ತದೆ, ಅದರ ಎಲೆಯ ಉದ್ದಕ್ಕೂ ಎದ್ದು ಕಾಣುವ ಒಂದು ನರ ಇರುತ್ತದೆ. ನಿಮ್ಮ ಐರಿಸ್ ಎಲೆಗೆ ಬರೀ ಹಸಿ ಹುಲ್ಲಿನ ವಾಸನೆ, ನಡುನರ ಇಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮನೆಯಲ್ಲಿ ಪುಟ್ಟ ಮಗು ಇದ್ದರೆ ಬಜೆ ಅಂತ ತಿಳಿದು ಇದನ್ನು ತೇದು ನೆಕ್ಕಿಸಬೇಡಿ. ಐರಿಸ್ ಗೆಡ್ಡೆ ವಿಷಕಾರಿ. ಬಾಯಿ ಉರಿ, ವಾಂತಿ, ಭೇದಿ ಆಗುತ್ತದೆ. ನಾಯಿ ಬೆಕ್ಕುಗಳಿಗೂ ಅಷ್ಟೇ. ಅಗೆದ ಗೆಡ್ಡೆಗಳನ್ನು ಒಣಗಿಸುವಾಗ ಅಡುಗೆಮನೆಯ ಹತ್ತಿರ ಶುಂಠಿಯ ಜೊತೆ ಇಡಬೇಡಿ.

ಊರಿಗೆ ಒಯ್ಯುವುದು ಬೇಡ ಅನ್ನುತ್ತೇನೆ. ಮೊದಲನೆಯದಾಗಿ, ಭಾರತಕ್ಕೆ ಗಿಡ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ರೋಗವಿಲ್ಲ ಅನ್ನುವ ಪ್ರಮಾಣಪತ್ರ ಎರಡೂ ಬೇಕು. ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಹೋಗುವುದು ತಪ್ಪು, ಅದರಲ್ಲೂ ಈಗ ಕೊಳೆ ಹತ್ತಿರುವ ಪಾತಿಯಿಂದ. ಎರಡನೆಯದಾಗಿ, ಒಯ್ದರೂ ಪ್ರಯೋಜನವಿಲ್ಲ. ಆಗುಂಬೆ ಇರುವ ತಾಲ್ಲೂಕು ನಿಮ್ಮದು. ಜೂನ್‌ನಲ್ಲಿ ಹಿಡಿದ ಮಳೆ ಗೆಡ್ಡೆಯ ಬೆನ್ನನ್ನು ತಿಂಗಳುಗಟ್ಟಲೆ ಒಣಗಲು ಬಿಡುವುದಿಲ್ಲ. ಹಿಮ ಬೀಳುವ ಚಳಿಗಾಲವೂ ಅಲ್ಲಿಲ್ಲ. ನಮ್ಮ ದೇಶದಲ್ಲಿ ಗಡ್ಡದ ಐರಿಸ್ ನೋಡಬೇಕಾದರೆ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿ ಮುಸಲ್ಮಾನರ ಗೋರಿಗಳ ಮೇಲೆ ಬಿಳಿ, ನೇರಳೆ ಐರಿಸ್ ನೆಡುವುದು ಹಳೆಯ ಪದ್ಧತಿ. ವಸಂತದಲ್ಲಿ ಇಡೀ ಕಬ್ರಸ್ತಾನ ಅರಳಿ ನಿಲ್ಲುತ್ತದೆ. ಆ ಬಿಳಿಯದರಲ್ಲಿ ಒಂದು ಜಾತಿಗೆ ಹೆಸರೇ ‘ಐರಿಸ್ ಕಾಶ್ಮೀರಿಯಾನಾ’. ಅದನ್ನು ಇಂಗ್ಲೆಂಡಿನಲ್ಲಿ ಹಳೇ ಬಿಳಿ ತಳಿಗಳನ್ನು ಮಾಡಲು ಬಳಸಿಕೊಂಡಿದ್ದರು.

ತೀರ್ಥಹಳ್ಳಿಯ ಅಂಗಳಕ್ಕೆ ಐರಿಸ್ ಕುಟುಂಬದ್ದೇ ಏನಾದರೂ ಬೇಕಿದ್ದರೆ ಅಮ್ಮನಿಗೆ ನಿಯೋಮಾರಿಕಾ ಹುಡುಕಲು ಹೇಳಿ. ನರ್ಸರಿಯಲ್ಲಿ ‘ವಾಕಿಂಗ್ ಐರಿಸ್’ ಅಂದರೆ ಕೊಡುತ್ತಾರೆ. ಅರೆನೆರಳು, ತೇವ ಎರಡೂ ಅದಕ್ಕೆ ಇಷ್ಟ. ಹೂ ಒಂದೇ ದಿನ ಇರುತ್ತದೆ, ಬಾಡಿದ ಮೇಲೆ ದಂಟಿನ ತುದಿಯಲ್ಲಿ ಮರಿ ಹುಟ್ಟಿ, ಭಾರಕ್ಕೆ ಬಾಗಿ, ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಹಾಗೆ ಹೆಜ್ಜೆ ಹಾಕುತ್ತಾ ಹೋಗುವುದರಿಂದ ಆ ಹೆಸರು. ಬಿಸಿಲಿನ ಜಾಗವಾದರೆ ಡೈಯೆಟಿಸ್ ನೆಡಬಹುದು. ಬೆಂಗಳೂರಿನ ಪಾರ್ಕುಗಳಲ್ಲಿ, ಆಫೀಸುಗಳ ಮುಂದೆ ಸಾಲಾಗಿ ಹಾಕಿರುತ್ತಾರಲ್ಲ, ಬಿಳಿ ಎಸಳಿನ ಮೇಲೆ ಹಳದಿ ಗುರುತು, ನಡುವೆ ನೇರಳೆ, ಅದೇ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಗುಂಪು ಒಡೆದ ಮೇಲೆ ನಿಮ್ಮ ಬಳಿ ಹತ್ತು ಹದಿನೈದು ಗಿಡ ಆಗುತ್ತವೆ, ಕೇಳಿದವರಿಗೆಲ್ಲ ಕೊಡುತ್ತೀರಿ. ಕೊಡುವಾಗ ಎಲೆಯ ಮೇಲೇ ಮಾರ್ಕರ್‌ನಿಂದ ಹೆಸರು ಬರೆದು ಕೊಡಿ. ನಿಮ್ಮ ಪಾತಿಯಲ್ಲಿ ಊರುವ ಫಲಕಕ್ಕೆ ಮಾತ್ರ ಪೆನ್ಸಿಲ್‌ನಲ್ಲೇ ಬರೆಯಿರಿ. ಮಾರ್ಕರ್ ಶಾಯಿ ಎರಡು ಬೇಸಿಗೆಗೆ ಅಳಿಸಿಹೋಗುತ್ತದೆ. ನನ್ನ ಹಿತ್ತಲಿನಲ್ಲಿ ಹಾಗೆ ಹೆಸರು ಕಳೆದುಕೊಂಡ ಮೂರು ಐರಿಸ್‌ಗಳಿವೆ. ‘ಹಳದಿಯದು’, ‘ಇನ್ನೊಂದು ಹಳದಿಯದು’, ‘ಗ್ಯಾರೇಜ್ ಪಕ್ಕದ್ದು’ ಅಂತ ಕರೆಯುತ್ತೇವೆ.